ತೊಟ್ಟ ಬಾಣವನ್ನೇ ಮತ್ತೆ ತೊಡುವವರು

ಚೆನ್ನೈನ ಅಡ್ಯಾರು ದಾಟಿ, ಪೂರ್ವ ಕರಾವಳಿ ರಸ್ತೆ ಹಿಡಿದು ಮಹಾಬಲಿಪುರದ ಕಡೆಗೆ ಹೊರಟರೆ ಕೋವಳಂ ಆದಮೇಲೆ ತಿರುವಿಡಂದೈ ಸಿಗುತ್ತದೆ. ಕಂಕಣಬಲ ಕೂಡಿಬರಲಿ ಎಂದು ಹರಕೆ ಹೊತ್ತವರು ಹೂಮಾಲೆ ಹಿಡಿದು ನಿತ್ಯಕಲ್ಯಾಣ ಪೆರುಮಾಳ್ ದೇವಸ್ಥಾನಕ್ಕೆ ಬರುವ ಊರು ಅದು. 2024ರ ಆಗಸ್ಟ್ 24ರ ಬೆಳಿಗ್ಗೆ ಅಲ್ಲಿ ನೆರೆದಿದ್ದವರ ಕಣ್ಣು ಮಾತ್ರ ಆಕಾಶದ ಮೇಲಿತ್ತು. ಬೇಕಾದಲ್ಲಿಗೆ ಒಯ್ಯಬಹುದಾದ ಉಡಾವಣಾ ಗಾಡಿಯಿಂದ ‘ರೂಮಿ-1’ ಎಂಬ ರಾಕೆಟ್ ಎದ್ದು ಬಂಗಾಳ ಕೊಲ್ಲಿಯ ಮೇಲೆ ಏರಿತು. ಅದರ ಹೊಟ್ಟೆಯಲ್ಲಿ ಮೂರು ಕ್ಯೂಬ್ ಉಪಗ್ರಹಗಳೂ 50 ಪುಟಾಣಿ ಪಿಕೊ ಉಪಗ್ರಹಗಳೂ ಇದ್ದವು. ಕಟ್ಟಿದ್ದು ಆನಂದ್ ಮೇಗಲಿಂಗಂ ಅವರ ಸ್ಪೇಸ್ ಝೋನ್ ಇಂಡಿಯಾ ಎಂಬ ಚೆನ್ನೈನ ನವೋದ್ಯಮ. ಇಸ್ರೋದ ನಿವೃತ್ತ ಹಿರಿಯ ವಿಜ್ಞಾನಿ ಮೈಲ್‌ಸ್ವಾಮಿ ಅಣ್ಣಾದುರೈ ಬೆನ್ನಿಗಿದ್ದರು.

ಅದಕ್ಕೂ ಹಿಂದಿನ ವರ್ಷ, 2023ರ ಫೆಬ್ರುವರಿ 19ರಂದು, ಅದೇ ರಸ್ತೆಯಲ್ಲಿ ಇನ್ನಷ್ಟು ದಕ್ಷಿಣಕ್ಕಿರುವ ಪಟ್ಟಿಪುಲಂ ಹಳ್ಳಿಯಿಂದ ಇನ್ನೊಂದು ರಾಕೆಟ್ ಹಾರಿತ್ತು. ಅಬ್ದುಲ್ ಕಲಾಂ ಹೆಸರಿನ ಆ ಯೋಜನೆಯಲ್ಲಿ ಶಾಲಾ ಮಕ್ಕಳು ಕೈಯಾರೆ ಜೋಡಿಸಿದ 150 ಪಿಕೊ ಉಪಗ್ರಹಗಳಿದ್ದವು. ಎರಡೂ ಹೈಬ್ರಿಡ್ ರಾಕೆಟ್‌ಗಳು: ಉರಿಯುವ ವಸ್ತು ಗಟ್ಟಿಯಾಗಿ ಒಂದು ಕಡೆ, ಅದನ್ನು ಉರಿಸಲು ಬೇಕಾದ ಆಮ್ಲಜನಕ ಕೊಡುವ ವಸ್ತು ಬೇರೆ ತೊಟ್ಟಿಯಲ್ಲಿ. ಎರಡೂ ಕೂಡುವ ತನಕ ಅಪಾಯ ಕಡಿಮೆ. ಮಕ್ಕಳ ಯೋಜನೆಗೆ ಇದನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿದೆ.

ಇವೆರಡೂ ಹವ್ಯಾಸಿ ಮಾದರಿ ರಾಕೆಟ್‌ಗಳಲ್ಲ, ಅವುಗಳ ದೊಡ್ಡಣ್ಣಂದಿರು. ಆದರೆ ಮೇಜಿನ ಮೇಲೆ ಕಾಗದದ ಕೊಳವೆ, ಹಗುರ ಮರ, ಅಂಟು ಇಟ್ಟುಕೊಂಡು ನೂರು ಗ್ರಾಮಿನ ರಾಕೆಟ್ ಕಟ್ಟುವವರಿಗೂ ತಿರುವಿಡಂದೈಯಲ್ಲಿ ನಿಂತವರಿಗೂ ಎದುರಾಗುವ ಪ್ರಶ್ನೆಗಳು ಅವೇ. ಹಗುರವಾಗಿದೆಯೇ? ನೆಟ್ಟಗೆ ಹೋಗುತ್ತದೆಯೇ? ಮೆಲ್ಲಗೆ ಇಳಿಯುತ್ತದೆಯೇ?

ಎರಡನೆಯ ಪ್ರಶ್ನೆಗೆ ಮೈಸೂರಿನ ಸೈನಿಕರು ಕಂಡುಕೊಂಡಿದ್ದ ಉತ್ತರ ಚೆನ್ನೈನಿಂದ ಹೆಚ್ಚು ದೂರವಿಲ್ಲ. ಕಾಂಚೀಪುರದ ಹತ್ತಿರ ಪೊಳ್ಳಿಲೂರು ಎಂಬ ಹಳ್ಳಿಯಿದೆ. 1780ರ ಸೆಪ್ಟೆಂಬರ್ 10ರಂದು ಹೈದರಾಲಿ ಮತ್ತು ಟಿಪ್ಪುವಿನ ಸೇನೆ ಅಲ್ಲಿ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಸೋಲಿಸಿತು. ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದು ಮೈಸೂರಿನ ಬಾಣಗಳಿಂದ, ಅಂದರೆ ರಾಕೆಟ್ಟುಗಳಿಂದ, ಎಂಬ ಮಾತಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇಂದಿಗೂ ಇದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಪಾಳು ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಬಹುತೇಕ ಒಂದು ಗೇಣಿಗಿಂತ ತುಸು ಉದ್ದ, 23ರಿಂದ 26 ಸೆಂಟಿಮೀಟರ್.

ಆ ಕೊಳವೆಗಳಿಗೆ ರೆಕ್ಕೆಗಳಿರಲಿಲ್ಲ. ಬದಲಿಗೆ ಉದ್ದನೆಯ ಬಿದಿರಿನ ಗಳು ಕಟ್ಟುತ್ತಿದ್ದರು. ದೀಪಾವಳಿಯ ರಾಕೆಟ್ಟಿಗೆ ಕಡ್ಡಿ ಕಟ್ಟುವುದು ಇದೇ ಕಾರಣಕ್ಕೆ. ಕಡ್ಡಿ ಕಿತ್ತು ಬಿಟ್ಟರೆ ಅದು ಯಾರ ಮನೆಯ ಕಿಟಕಿಗೆ ನುಗ್ಗುತ್ತದೋ ಹೇಳಲಾಗದು. ವಸ್ತುವೊಂದು ಗಾಳಿಯಲ್ಲಿ ಹೋಗುವಾಗ ಅದರ ತೂಕವೆಲ್ಲ ಒಂದು ಬಿಂದುವಿನಲ್ಲಿ ನಿಂತಂತೆ ನಡೆದುಕೊಳ್ಳುತ್ತದೆ, ಅದು ಗುರುತ್ವ ಕೇಂದ್ರ. ಪಕ್ಕದಿಂದ ಗಾಳಿ ಒತ್ತುವ ಬಲವೆಲ್ಲ ಇನ್ನೊಂದು ಬಿಂದುವಿನಲ್ಲಿ ಕೂಡುತ್ತದೆ, ಅದು ಒತ್ತಡ ಕೇಂದ್ರ. ತೂಕ ಮುಂದೆ, ಗಾಳಿಯ ಒತ್ತು ಹಿಂದೆ ಇದ್ದರೆ ರಾಕೆಟ್ ತುಸು ವಾಲಿದರೂ ಗಾಳಿಯೇ ಬಾಲವನ್ನು ಸರಿದಾರಿಗೆ ತಳ್ಳುತ್ತದೆ. ಬಿದಿರಿನ ಗಳು ಒತ್ತಡ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತಿತ್ತು. ಇಂದಿನ ಮಾದರಿ ರಾಕೆಟ್ಟಿನ ಬಾಲದಲ್ಲಿರುವ ಮೂರು ರೆಕ್ಕೆಗಳು ಮಾಡುವುದೂ ಅದನ್ನೇ, ಕಡಿಮೆ ತೂಕದಲ್ಲಿ.

ಮೈಸೂರಿನ ಬಾಣಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ ರೂಪಿಸಿದ ಕಥೆಯನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ವಿವರವಾಗಿ ಬರೆದಿಟ್ಟಿದ್ದಾರೆ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರಿನಲ್ಲಿ ಬಾಣಗಾರರ ನೆನಪು ಉಳಿದಿದೆ. ಚೆನ್ನೈನ ಕ್ರೋಂಪೇಟೆಯ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿದ ಕಲಾಂ, ತರಬೇತಿಗೆಂದು ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರಕ್ಕೆ ಹೋದಾಗ ಅಲ್ಲಿನ ಗೋಡೆಯಲ್ಲಿ ಟಿಪ್ಪುವಿನ ಸೇನೆಯ ರಾಕೆಟ್ ಚಿತ್ರ ಕಂಡದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ತಮ್ಮ ನೆಲದ ನೆನಪು ಅಷ್ಟು ದೂರದ ಗೋಡೆಯ ಮೇಲೆ ಸಿಕ್ಕಿತ್ತು.

ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂದವನು ಕರ್ಣ. ಹವ್ಯಾಸಿ ರಾಕೆಟ್ ಕಟ್ಟುವವರ ಹಟ ಇದಕ್ಕೆ ಸರಿಯಾಗಿ ವಿರುದ್ಧ. ಹಾರಿಸಿದ ರಾಕೆಟ್ ಮುರಿಯದೆ ಕೈಗೆ ಮರಳಬೇಕು, ಅದನ್ನೇ ಮತ್ತೆ ಹಾರಿಸಬೇಕು. ಪಟಾಕಿಗೂ ಮಾದರಿ ರಾಕೆಟ್ಟಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ.

ಈ ಹಟ ಹುಟ್ಟಿದ್ದು ಒಂದು ಚಪ್ಪಲಿ-ಬೂಟಿನ ಅಂಗಡಿಯಲ್ಲಿ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಊರಿನ ಅಂಗಡಿಕಾರ ಆರ್ವಿಲ್ ಕಾರ್ಲೈಲ್‌ಗೆ ಬಾಣಬಿರುಸಿನ ಮದ್ದಿನ ಪರಿಚಯವಿತ್ತು; ಸೋದರ ರಾಬರ್ಟ್‌ಗೆ ಮಾದರಿ ವಿಮಾನಗಳ ಹುಚ್ಚು. 1954ರಲ್ಲಿ ಇಬ್ಬರೂ ಸೇರಿ ಕಾಗದದ ಮೈ, ಒಮ್ಮೆ ಉರಿಸಿ ಬದಲಿಸಬಹುದಾದ ಮೋಟಾರು, ಒಳಗೆ ಪ್ಯಾರಾಚೂಟ್ ಇರುವ ರಾಕೆಟ್ ಕಟ್ಟಿದರು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಹಾರಿತು. ಅಮೆರಿಕದ ಹುಡುಗರೆಲ್ಲ ಮನೆಯ ನೆಲಮಾಳಿಗೆಯಲ್ಲಿ ಕಬ್ಬಿಣದ ಕೊಳವೆಗೆ ಸಿಕ್ಕ ಸಿಕ್ಕ ರಾಸಾಯನಿಕ ತುಂಬತೊಡಗಿದರು. ಕೈಬೆರಳು, ಕಣ್ಣು ಕಳೆದುಕೊಂಡವರಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ದುಡಿದಿದ್ದ ಹ್ಯಾರಿ ಸ್ಟೈನ್ ಇದನ್ನು ತಡೆಯುವ ದಾರಿಯನ್ನು ಕಾರ್ಲೈಲ್‌ನ ರಾಕೆಟ್ಟಿನಲ್ಲಿ ಕಂಡರು. ಮದ್ದನ್ನು ಕಾರ್ಖಾನೆ ಮುಟ್ಟಲಿ, ಮಕ್ಕಳು ಕಾಗದ-ಮರ ಮುಟ್ಟಲಿ ಎಂಬುದು ಅವರ ನಿಲುವು. ಪಟಾಕಿ ಉದ್ಯಮದ ಮನೆತನದ ವರ್ನ್ ಎಸ್ಟಿಸ್ 1959ರಲ್ಲಿ ‘ಮೇಬಲ್’ ಎಂದು ಹೆಸರಿಟ್ಟ ಯಂತ್ರ ಓಡಿಸಿದರು. ಐದೂವರೆ ಸೆಕೆಂಡಿಗೊಂದು ಮೋಟಾರು ಅದರಿಂದ ಹೊರಬರುತ್ತಿತ್ತು.

ಸಾಮಾನ್ಯ ಮೋಟಾರು ನೋಡಲು ಸಣ್ಣ ಪಟಾಕಿಯಂತೆಯೇ: 18 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಕಾಗದದ ಕೊಳವೆ, ಕೆಳಗೆ ಜೇಡಿಮಣ್ಣಿನ ಬಾಯಿ. ಒಳಗೆ ಮೂರು ಪದರ. ಮೊದಲನೆಯದು ತಳ್ಳುವ ಮದ್ದು. ಎರಡನೆಯದು ಹೊಗೆ ಬಿಡುತ್ತ ಮೆಲ್ಲಗೆ ಉರಿಯುವ ಕಾಯುವ ಪದರ, ಅಷ್ಟು ಹೊತ್ತು ರಾಕೆಟ್ ಬಂದ ವೇಗದ ಬಲದಲ್ಲೇ ಏರುತ್ತದೆ. ಕೊನೆಯದು ಮೇಲ್ಮುಖವಾಗಿ ಉಸಿರಿದಂತೆ ಹೊಮ್ಮಿ ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದಬ್ಬುವ ಪದರ. ಮೋಟಾರಿನ ಮೇಲೆ ‘ಸಿ6-5’ ಎಂದು ಬರೆದಿದ್ದರೆ, ‘ಸಿ’ ಎಂದರೆ ಒಟ್ಟು ತಳ್ಳುಬಲ 5ರಿಂದ 10 ನ್ಯೂಟನ್-ಸೆಕೆಂಡ್. ಪ್ರತಿ ಮುಂದಿನ ಅಕ್ಷರಕ್ಕೂ ಇದು ಇಮ್ಮಡಿ. 6 ಎಂದರೆ ಸರಾಸರಿ 6 ನ್ಯೂಟನ್ ನೂಕು. 5 ಎಂದರೆ ಮದ್ದು ಮುಗಿದ ಮೇಲೆ ಐದು ಸೆಕೆಂಡ್ ಕಾಯುತ್ತದೆ. ನೂರು ಗ್ರಾಮಿನ ರಾಕೆಟ್ಟಿನ ತೂಕ ಸುಮಾರು ಒಂದು ನ್ಯೂಟನ್. ಆರು ಪಟ್ಟು ಬಲದಿಂದ ತಳ್ಳಿಸಿಕೊಂಡ ಕಾಗದದ ಕೊಳವೆ ಎರಡು ಸೆಕೆಂಡಿನೊಳಗೆ ಕಣ್ಣಿಗೆ ಸಣ್ಣದಾಗುವುದು ಸಹಜವೇ.

ಕಟ್ಟುವ ಕೆಲಸ ಶುರುವಾಗುವುದು ಕೊಳವೆಯ ಮೇಲೆ ಗೆರೆ ಎಳೆಯುವುದರಿಂದ. ದುಂಡನೆಯ ಕೊಳವೆಯ ಮೇಲೆ ನೇರ ಗೆರೆ ಎಳೆಯುವುದು ಕಷ್ಟ. ಅನುಭವಸ್ಥರು ಕೊಳವೆಯನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿಟ್ಟು, ಮರದ ಅಂಚನ್ನೇ ಅಡಿಕೋಲು ಮಾಡಿಕೊಂಡು ಪೆನ್ಸಿಲ್ ಎಳೆಯುತ್ತಾರೆ. ಮೂರು ರೆಕ್ಕೆಗಳ ಜಾಗ ಗುರುತಿಸಲು ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಬಿಚ್ಚಿ, ಮೂರು ಸಮ ಭಾಗ ಮಾಡಿದರೆ ಸಾಕು.

ರೆಕ್ಕೆಗೆ ಬಾಲ್ಸಾ ಎಂಬ ಅತಿ ಹಗುರ ಮರದ ತೆಳು ಹಲಗೆ. ಕತ್ತರಿಸುವಾಗ ಮರದ ಎಳೆ ರೆಕ್ಕೆಯ ಮುಂದಿನ ಅಂಚಿಗೆ ಸಮಾನಾಂತರವಾಗಿರಬೇಕು. ಎಳೆ ಕೊಳವೆಯ ಉದ್ದಕ್ಕೆ ಹೋದರೆ ಮೊದಲ ಇಳಿತದಲ್ಲೇ ರೆಕ್ಕೆ ಬಿಸ್ಕತ್ತಿನಂತೆ ಮುರಿಯುತ್ತದೆ. ಅಂಟಿಸಲು ಬಡಗಿಯ ಬಿಳಿ ಫೆವಿಕಾಲೇ ಒಳ್ಳೆಯದು. ಎರಡೂ ಮೈಗೆ ತೆಳ್ಳಗೆ ಬಳಿದು ಒಣಗಲು ಬಿಟ್ಟು, ಆಮೇಲೆ ಇನ್ನೊಮ್ಮೆ ಬಳಿದು ಒತ್ತಿ ಹಿಡಿದರೆ ಕಾಗದದ ಎಳೆಗಳೊಳಗೆ ಅಂಟು ಇಳಿದು ಬೆಸುಗೆ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ರೆಕ್ಕೆ ಮತ್ತು ಕೊಳವೆ ಸೇರುವ ಸಂದಿಗೆ ಬೆರಳತುದಿಯಿಂದ ಅಂಟಿನ ಏಣು ಎಳೆಯುತ್ತಾರೆ. ಈ ಏಣು ಬಲ ಕೊಡುತ್ತದೆ, ಗಾಳಿ ಆ ಸಂದಿಯಲ್ಲಿ ಸುಳಿಯುವುದನ್ನೂ ತಪ್ಪಿಸುತ್ತದೆ.

ಇಲ್ಲಿಂದ ಮುಂದಿನದನ್ನು ಅನೇಕರು ಅಲಂಕಾರ ಎಂದುಕೊಳ್ಳುತ್ತಾರೆ. ಅದು ತಪ್ಪು ಲೆಕ್ಕ. ಕೊಳವೆಯ ಮೇಲೆ ಕಾಗದ ಸುತ್ತಿಬಂದ ಸುರುಳಿ ಗೀರು ಇರುತ್ತದೆ, ಬಾಲ್ಸಾ ಮರದ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಇವೆಲ್ಲ ಗಾಳಿಯನ್ನು ಹಿಡಿದೆಳೆಯುತ್ತವೆ. ಗೀರಿಗೆ ನೀರು ಬೆರೆಸಿದ ಮರದ ಪುಟ್ಟಿ, ರೆಕ್ಕೆಗೆ ಸೀಲರ್, ಒಣಗಿದ ಮೇಲೆ 220 ನಂಬರಿನ ಸ್ಯಾಂಡ್ ಪೇಪರ್, ಮತ್ತೆ ಸೀಲರ್, ಆಮೇಲೆ 400 ನಂಬರು. ರೆಕ್ಕೆಯ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ಚಾಕುವಿನ ಬಾಯಂತೆ ತೆಳ್ಳಗೆ ಉಜ್ಜುತ್ತಾರೆ. ಒಂದೇ ಮೋಟಾರಿನಿಂದ ಒಬ್ಬರ ರಾಕೆಟ್ ಇನ್ನೊಬ್ಬರದಕ್ಕಿಂತ ಎತ್ತರ ಹೋಗುವುದಕ್ಕೆ ಹಲವು ಬಾರಿ ಈ ಉಜ್ಜುವಿಕೆಯೇ ಕಾರಣ.

ಚೆನ್ನೈಯಲ್ಲಿ ಬಣ್ಣ ಹಾಕುವುದಕ್ಕೆ ಇನ್ನೊಂದಿಷ್ಟು ತಾಳ್ಮೆ ಬೇಕು. ಕಡಲ ತೇವ ಸದಾ ಗಾಳಿಯಲ್ಲಿರುತ್ತದೆ. ಬಾಲ್ಸಾ ಆ ತೇವ ಹೀರಿ ಉಬ್ಬುತ್ತದೆ, ತೆಳು ಹಲಗೆಗಳು ಸೊಟ್ಟಗಾಗುತ್ತವೆ. ತೇವದ ದಿನ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಒಣಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅಲ್ಲೇ ಕೂತು, ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನ ತನಕ ಈಶಾನ್ಯದ ಹಿಂಗಾರು ಸುರಿಯುವಾಗ ಬಣ್ಣದ ಕೆಲಸ ಕೈಬಿಟ್ಟು ಅಂಟಿನ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಒಣ ದಿನ ನೋಡಿ ಮೊದಲು ಪ್ರೈಮರ್, ಆಮೇಲೆ ಒಂದೇ ದಪ್ಪ ಪದರದ ಬದಲು ಮೂರು ತೆಳು ಪದರ. ಹುಲ್ಲಿನಲ್ಲಿ, ಕಡಲ ಮರಳಿನಲ್ಲಿ ಹುಡುಕುವಾಗ ಕಣ್ಣಿಗೆ ಬೀಳಲೆಂದು ಉರಿಯುವ ಕಿತ್ತಳೆ ಬಣ್ಣ ಬಹಳ ಜನರ ಆಯ್ಕೆ. ಒಂದು ರೆಕ್ಕೆಗೆ ಬೇರೆ ಬಣ್ಣ ಕೊಟ್ಟರೆ ಏರುವಾಗ ರಾಕೆಟ್ ತಿರುಗುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ.

ಬಣ್ಣಕ್ಕೂ ತೂಕವಿದೆ. ಬಾಲದ ರೆಕ್ಕೆಗಳಿಗೆ ಧಾರಾಳವಾಗಿ ಬಣ್ಣ ಕುಡಿಸಿದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ಬಣ್ಣ ಒಣಗಿದ ಮೇಲೆಯೇ, ಮೋಟಾರು ಮತ್ತು ಪ್ಯಾರಾಚೂಟ್ ಒಳಗಿಟ್ಟೇ ಆಗಬೇಕು. ರಾಕೆಟ್ ಸಮತೂಕದಲ್ಲಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಗರಗರ ತಿರುಗಿಸುತ್ತಾರೆ. ಮೂತಿ ಮುಂದಾಗಿ ಹೋದರೆ ಸರಿ. ಬಾಲ ಮುಂದಾದರೆ, ಅಡ್ಡಾದಿಡ್ಡಿ ಹೊರಳಿದರೆ ಮೂತಿಯೊಳಗೆ ಒಂದಿಷ್ಟು ಜೇಡಿಮಣ್ಣು ಮೆತ್ತಬೇಕು. ಕಾಗದದ ಮೇಲೆ ಲೆಕ್ಕ ಹಾಕಬಯಸುವವರಿಗೆ ನಾಸಾದ ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟ ಸೂತ್ರಗಳಿವೆ. ಒತ್ತಡ ಕೇಂದ್ರಕ್ಕಿಂತ ಗುರುತ್ವ ಕೇಂದ್ರ ಕೊಳವೆಯ ಒಂದು ಅಡ್ಡಳತೆಯಷ್ಟಾದರೂ ಮುಂದಿರಬೇಕು ಎಂಬುದು ಎಲ್ಲರೂ ಪಾಲಿಸುವ ಕಟ್ಟಳೆ.

ಹಾರಿಸುವಾಗ ಬೆಂಕಿಕಡ್ಡಿ, ಬತ್ತಿ ಮುಟ್ಟುವಂತಿಲ್ಲ. ಮೋಟಾರಿನ ಬಾಯಿಗೆ ಸಣ್ಣ ತಂತಿಯ ಕಿಡಿಕಡ್ಡಿ ಸೇರಿಸಿ, ಉದ್ದನೆಯ ವೈರ್ ಎಳೆದು, ಐದು ಮೀಟರ್ ದೂರದಿಂದ ಬ್ಯಾಟರಿಯಲ್ಲಿ ಹೊತ್ತಿಸಬೇಕು. ದೊಡ್ಡ ಮೋಟಾರಿಗೆ ಇನ್ನೂ ದೂರ. ಹೊತ್ತಿಸುವ ಗುಂಡಿಗೆ ಹಾಕುವ ಕೀಲಿ ಹಾರಿಸುವವರ ಜೇಬಿನಲ್ಲೇ ಇರಬೇಕು. ರಾಕೆಟ್ ಪಕ್ಕದಲ್ಲಿ ಅಂಟಿಸಿದ ಸಣ್ಣ ನಳಿಗೆಯೊಳಗೆ ಮೀಟರಿನಷ್ಟು ಉದ್ದದ ಉಕ್ಕಿನ ಕಂಬಿ ತೂರಿಸಿ ನಿಲ್ಲಿಸುತ್ತಾರೆ. ನಿಂತ ರಾಕೆಟ್ಟಿನ ರೆಕ್ಕೆಗೆ ಶಕ್ತಿಯಿಲ್ಲ, ಗಾಳಿ ಹರಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆ ವೇಗ ಬರುವ ತನಕ ಕೈಹಿಡಿದು ನಡೆಸುವುದು ಆ ಕಂಬಿ. ಹೊತ್ತಿಸಿದರೂ ಹಾರದಿದ್ದರೆ ಕೀಲಿ ತೆಗೆದು, ಒಂದು ನಿಮಿಷ ಯಾರೂ ಹತ್ತಿರ ಹೋಗಬಾರದು.

ಗಾಳಿಯದು ಇನ್ನೊಂದು ಲೆಕ್ಕ. ಏರುವಾಗ ರಾಕೆಟ್ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುತ್ತದೆ, ಇಳಿಯುವಾಗ ಪ್ಯಾರಾಚೂಟ್ ಗಾಳಿ ಹೋಗುವ ಕಡೆಗೆ ತೇಲುತ್ತದೆ. 30 ಸೆಂಟಿಮೀಟರ್ ಅಗಲದ ಪ್ಯಾರಾಚೂಟ್ ಕಟ್ಟಿಕೊಂಡ 80 ಗ್ರಾಮಿನ ರಾಕೆಟ್ ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ಇಳಿಯುತ್ತದೆ. 250 ಮೀಟರ್ ಎತ್ತರದಿಂದ ಇಳಿಯಲು 50 ಸೆಕೆಂಡ್ ಬೇಕು. ಗಂಟೆಗೆ 18 ಕಿಲೋಮೀಟರಿನ ಸಾಧಾರಣ ಗಾಳಿಯಿದ್ದರೂ ಅಷ್ಟರಲ್ಲಿ ಅದು 250 ಮೀಟರ್ ಸಾಗಿರುತ್ತದೆ. ಚೆನ್ನೈನ ಕಡಲತೀರದಲ್ಲಿ ಮುಂಜಾನೆ ನೆಲದಿಂದ ನೀರಿನ ಕಡೆಗೆ ಬೀಸುವ ಗಾಳಿ ರಾಕೆಟ್ಟನ್ನು ಅಲೆಗಳಿಗೆ ಒಪ್ಪಿಸುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ತೆಂಗಿನ ತೋಟಕ್ಕೋ ಮನೆಗಳ ತಾರಸಿಗೋ ಒಯ್ಯುತ್ತದೆ. ಎರಡರ ನಡುವೆ ಗಾಳಿ ತಟಸ್ಥವಾಗುವ ಸ್ವಲ್ಪ ಹೊತ್ತಿಗಾಗಿ ಕಾಯಬೇಕಾಗುತ್ತದೆ. ಕಾಯುವ ವಿಷಯದಲ್ಲಿ ದೊಡ್ಡವರದೂ ಬೇರೆ ಕಥೆಯಲ್ಲ. ಮದ್ರಾಸ್ ಐಐಟಿಯ ಅಂಗಳದಲ್ಲಿ ಬೆಳೆದ ಅಗ್ನಿಕುಲ್ ಕಾಸ್ಮೋಸ್ ತನ್ನ ‘ಅಗ್ನಿಬಾಣ್’ ಪರೀಕ್ಷಾ ರಾಕೆಟ್ಟನ್ನು ನಾಲ್ಕು ಬಾರಿ ಮುಂದೂಡಿ, 2024ರ ಮೇ 30ರಂದು ಶ್ರೀಹರಿಕೋಟದಿಂದ ಹಾರಿಸಿತು. ಒಂದೇ ತುಂಡಾಗಿ ತ್ರೀಡಿ ಮುದ್ರಣದಲ್ಲಿ ತಯಾರಿಸಿದ ಎಂಜಿನ್ ಅದರದು. ಹೆಸರು ಮಾತ್ರ ಕನ್ನಡಿಗರ ಕಿವಿಗೆ ಹಳೆಯದು.

ಭಾರತದಲ್ಲಿ ಈ ಹವ್ಯಾಸಕ್ಕೆ ದೊಡ್ಡ ಅಡ್ಡಿ ಮೋಟಾರು. ಮದ್ದು ಮಾಡುವುದು, ಕೂಡಿಡುವುದು, ಸಾಗಿಸುವುದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಅಡಿಯಲ್ಲಿ ಬರುತ್ತದೆ, ಪರವಾನಗಿ ಬೇಕು. ಪಟಾಕಿ ಬಿಚ್ಚಿ ಮದ್ದು ಒಟ್ಟು ಮಾಡುವುದು, ಅಡುಗೆಮನೆಯ ಒಲೆಯ ಮೇಲೆ ಸಕ್ಕರೆ ಜತೆ ಪೆಟ್ಲುಪ್ಪು ಕಾಯಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕೇಡು. 1950ರ ದಶಕದಲ್ಲಿ ಅಮೆರಿಕದ ಹುಡುಗರು ಕಲಿತ ಪಾಠವನ್ನು ಇಲ್ಲಿ ಮತ್ತೆ ರಕ್ತ ಕೊಟ್ಟು ಕಲಿಯಬೇಕಾಗಿಲ್ಲ. ಮೀನಂಬಾಕ್ಕಂ ವಿಮಾನ ನಿಲ್ದಾಣ, ತಾಂಬರಂ ವಾಯುಪಡೆ ನೆಲೆ ಇರುವ ಚೆನ್ನೈಯಲ್ಲಿ ಆಕಾಶವೂ ಖಾಲಿಯಿಲ್ಲ. ಮೋಟಾರು ಹಾರಿಸುವುದಾದರೆ ಪರವಾನಗಿಯುಳ್ಳ ಸಂಸ್ಥೆಯ ಆಸರೆಯಲ್ಲಿ, ಪೊಲೀಸರ ಮತ್ತು ವಿಮಾನಯಾನ ಅಧಿಕಾರಿಗಳ ಒಪ್ಪಿಗೆ ಪಡೆದೇ ಹಾರಿಸಬೇಕು.

ದಾರಿ ನಿಧಾನವಾಗಿ ತೆರೆಯುತ್ತಿದೆ. ಅಹಮದಾಬಾದಿನ ಇನ್‌ಸ್ಪೇಸ್ ಸಂಸ್ಥೆ ಕಾಲೇಜು ವಿದ್ಯಾರ್ಥಿಗಳಿಗಾಗಿ ಮಾದರಿ ರಾಕೆಟ್ ಮತ್ತು ಡಬ್ಬಿಯ ಗಾತ್ರದ ಕ್ಯಾನ್‌ಸ್ಯಾಟ್ ಸ್ಪರ್ಧೆ ಏರ್ಪಡಿಸಿ, 2025ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಹಾರಾಟ ನಡೆಸಿತು. ಮದ್ರಾಸ್ ಐಐಟಿಯಲ್ಲಿ ‘ಅಭ್ಯುದಯ್’ ಎಂಬ ವಿದ್ಯಾರ್ಥಿ ರಾಕೆಟ್ ತಂಡವಿದೆ. ಮಣಿಪಾಲದ ‘ಥ್ರಸ್ಟ್‌ಎಂಐಟಿ’ ತಂಡ ಅಮೆರಿಕದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಗೆ ತನ್ನ ರಾಕೆಟ್ ಒಯ್ದಿದೆ. ಆದರೆ ಕಾಲೇಜು ಮೆಟ್ಟಿಲು ಹತ್ತದ ಹನ್ನೆರಡರ ಹುಡುಗಿಗೆ ಏನು ಸಿಗುತ್ತದೆ? ಪುಟ್ಟ ಮೋಟಾರನ್ನು ಪರವಾನಗಿಯುಳ್ಳ ಕಾರ್ಖಾನೆಯಿಂದ ಶಾಲೆಗೆ ತಲುಪಿಸುವ ಸುಲಭ ವ್ಯವಸ್ಥೆ, ಪ್ರತಿ ಜಿಲ್ಲೆಯಲ್ಲಿ ತಿಂಗಳಿಗೊಂದು ಬೆಳಿಗ್ಗೆ ತೆರೆದುಕೊಳ್ಳುವ ಒಂದು ಮೈದಾನ: ಇಷ್ಟು ಆಗಬೇಕಿದೆ. ‘ಸಿ’ ಮೋಟಾರಿಗೆ ಗಾಳಿ ಕಡಿಮೆಯಿರುವಾಗ ಬೇಕಾಗುವುದು ಬರೀ 120 ಮೀಟರ್ ಉದ್ದಗಲದ ಬಯಲು. ಕ್ರಿಕೆಟ್ಟಿಗೆ ಕೊಟ್ಟಿರುವುದಕ್ಕಿಂತ ಹೆಚ್ಚೇನೂ ಅಲ್ಲ.

ಅಲ್ಲಿಯವರೆಗೆ ನೀರಿನ ರಾಕೆಟ್ ಇದೆ. ಸೋಡಾ ತುಂಬಿಬಂದ ಪ್ಲಾಸ್ಟಿಕ್ ಬಾಟಲಿಗೆ ಮೂರನೇ ಒಂದು ಭಾಗ ನೀರು, ತಲೆಕೆಳಗಾಗಿಸಿ ಸೈಕಲ್ ಪಂಪಿನಿಂದ ಗಾಳಿ, ದೂರದಿಂದ ದಾರ ಎಳೆದು ಬಿಡುಗಡೆ. ಸೋಡಾ ಬಾಟಲಿಯನ್ನು ಒತ್ತಡ ತಡೆಯಲೆಂದೇ ಮಾಡಿರುತ್ತಾರೆ, ಬರಿ ನೀರಿನ ಬಾಟಲಿ ಬಳಸಬಾರದು. ಮದ್ದಿಲ್ಲ, ಪರವಾನಗಿಯ ತಾಪತ್ರಯವಿಲ್ಲ. ರೆಕ್ಕೆ, ಮೂತಿಯ ತೂಕ, ದಾರದ ಪರೀಕ್ಷೆ, ಪ್ಯಾರಾಚೂಟ್ ಎಲ್ಲವೂ ಹಾಗೆಯೇ ಬೇಕು. ಇಸ್ರೋ ಕೇಂದ್ರಗಳು ಅಕ್ಟೋಬರಿನ ವಿಶ್ವ ಅಂತರಿಕ್ಷ ಸಪ್ತಾಹದಲ್ಲಿ ಶಾಲಾ ಮಕ್ಕಳಿಗೆ ಇದರ ಸ್ಪರ್ಧೆ ನಡೆಸುತ್ತ ಬಂದಿವೆ.

ಕಡಲತೀರದಲ್ಲಿ ಮರಳಿ ಸಿಕ್ಕ ರಾಕೆಟ್ಟಿಗೆ ಸಂಜೆ ಮನೆಯಲ್ಲಿ ಇನ್ನೊಂದಿಷ್ಟು ಕೆಲಸವಿರುತ್ತದೆ. ಒದ್ದೆ ಬಟ್ಟೆಯಲ್ಲಿ ಉಪ್ಪು, ಮರಳು ಒರೆಸಬೇಕು. ಸುಟ್ಟ ಮೋಟಾರಿನ ಕೊಳವೆ ಹೊರತೆಗೆಯಬೇಕು. ಮೂತಿಯನ್ನು ಮೈಗೆ ಕಟ್ಟಿದ ಇಲಾಸ್ಟಿಕ್ ದಾರ ಕರಕಲಾಗಿದ್ದರೆ ಬದಲಿಸಬೇಕು. ಒಂದೊಂದೇ ರೆಕ್ಕೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಅಂಟಿನ ಏಣಿನಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ದೀಪಕ್ಕೆ ಹಿಡಿದು ನೋಡಬೇಕು. ಬಿರುಕು ಕಂಡರೆ ಮತ್ತೆ ಫೆವಿಕಾಲ್, ಮತ್ತೆ ಸ್ಯಾಂಡ್ ಪೇಪರ್. ಪ್ಯಾರಾಚೂಟಿನ ಹಾಳೆಗಳು ಒಂದಕ್ಕೊಂದು ಅಂಟದಂತೆ ಚಿಟಿಕೆ ಪೌಡರ್ ಉದುರಿಸಿ, ಮಡಚಿ, ಕೆಳಗೆ ಬೆಂಕಿ ಹಿಡಿಯದ ಮೆತ್ತನೆಯ ಕಾಗದ ತುಂಬಿ, ಮೂತಿ ಕೂರಿಸಿಟ್ಟರೆ ಅದು ಮುಂದಿನ ಭಾನುವಾರಕ್ಕೆ ಸಿದ್ಧ.